ಅಚ್ಚಿನ ಮರಳಿನ ಹದದ ವಿಷಯ

ಮಗಳಿಗೆ, ನಿನ್ನ ತಂದೆಯಾದ ನಾನು, ಈ ಪತ್ರವನ್ನು ಅಂಚೆಗೆ ಹಾಕಬಾರದೆಂದು ನಿರ್ಧರಿಸಿಯೇ, ತಿಳಿಯಪಡಿಸುವುದೇನೆಂದರೆ:

ಈ ದಿನ ಹಿತ್ತಲಿನ ಕುಲುಮೆಯಲ್ಲಿ ಹಳೆಯ ಅಲ್ಯೂಮಿನಿಯಂ ಪಾತ್ರೆಗಳನ್ನು ಕರಗಿಸಿ, ನಿನ್ನ ತಾಯಿಯ ಹೊಲಿಗೆ ಯಂತ್ರದ ಚಕ್ರವನ್ನು ಎರಕ ಹೊಯ್ದೆನು. ಎಲ್ಲಿಯೂ ಒಂದು ಗುಳ್ಳೆಯಿಲ್ಲ.

ಅಚ್ಚಿಗಾಗಿ, ಮನೆ ಕಟ್ಟುವವರಿಂದ ತಂದ ಮರಳನ್ನು ಜರಡಿ ಹಿಡಿದು, ಕೆರೆಯ ಜೇಡಿಮಣ್ಣಿನ ಪುಡಿ ಬೆರೆಸಿ, ನೀರನ್ನು ಸುರಿಯದೆ ಕೈಯಿಂದ ಚಿಮುಕಿಸಿದೆನು. ಹಿಡಿಯಲ್ಲಿ ಒತ್ತಿ ಮುರಿದಾಗ ಉಂಡೆ ಉದುರದೆ ಎರಡು ಹೋಳಾಯಿತು; ಅಂಗೈಗೆ ಅಂಟಲಿಲ್ಲ.

"ಮಗಳು ಬಡ್ಕೊಳ್ತಿದ್ದ ಹದ ಇದೇ ಅಲ್ವಾ?" ಎಂದಳು ನಿನ್ನ ತಾಯಿ.

"ಹದ ಮರಳಿಂದು ಕಣೇ, ಯಾರಪ್ಪನ ಸ್ವತ್ತೂ ಅಲ್ಲ."

"ಅವಳಪ್ಪ ಅಂದ್ರೆ ನೀವೇ ತಾನೆ?" ಎಂದು ನಕ್ಕಳು.

ಅಂದು ನಾನು ಕಲಸಿದ ಮರಳು ಒದ್ದೆಯಾಗಿ, ಕಾದ ಲೋಹ ಸಿಡಿದು ನಿನ್ನ ಮುಂಗೈ ಸುಟ್ಟಿತೆಂದೂ, ತಪ್ಪಾಯಿತೆಂದು ನಾನು ಒಂದು ಮಾತನ್ನೂ ಆಡಲಿಲ್ಲವೆಂದೂ ದೂರಿ ನೀನು ಮನೆ ಬಿಟ್ಟೆ. ಈಗಲೂ ಆಡುವುದಿಲ್ಲ. ಜೀವಮಾನವಿಡೀ ಎರಕ ಹೊಯ್ದವನು ಮಗಳ ಮುಂದೆ ಕೈಕಟ್ಟಿ ನಿಲ್ಲತಕ್ಕದ್ದಲ್ಲ. ಈ ಪತ್ರದಲ್ಲಿ ಯಾವುದೇ ಕೋರಿಕೆ ಇರುವುದಿಲ್ಲ.

ಉಳಿದ ಮರಳು ಒಣಗದಂತೆ ಗೋಣಿಚೀಲ ನೆನೆಸಿ ಹೊದಿಸಿದ್ದೇನೆ. ಅದು ಒಬ್ಬನ ಕೆಲಸಕ್ಕೆ ಬೇಕಾದುದಕ್ಕಿಂತ ಬಹಳ ಹೆಚ್ಚಾಗಿದೆ ಎಂಬುದನ್ನು ಮಾತ್ರ ಇಲ್ಲಿ ನಮೂದಿಸಿರುತ್ತೇನೆ.

ಇಂತಿ,
ನಿನ್ನ ತಂದೆ