ಹದಿನಾಲ್ಕನೇ ಮಳಿಗೆಯಲ್ಲಿ ನಾನಿದ್ದೇನೆ

ಮಾರುಕಟ್ಟೆ ಸಂಕೀರ್ಣದ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಕಚೇರಿಯಿಂದ ಒಂದೇ ದಿನ, ಒಂದೇ ಟಪಾಲಿನಲ್ಲಿ ನನಗೆ ಎರಡು ನೋಟಿಸು ಬಂದಿವೆ. ಮೊದಲನೆಯದರ ಪ್ರಕಾರ ಹದಿನಾಲ್ಕನೇ ಮಳಿಗೆಯಲ್ಲಿ ಕಳೆದ ತಿಂಗಳವರೆಗೆ, ಸತತವಾಗಿ ಆರು ತಿಂಗಳು, ಯಾರೂ ಇರಲಿಲ್ಲ. ಆದ್ದರಿಂದ ಈ ತಿಂಗಳ ಕೊನೆಗೆ ಹಂಚಿಕೆ ರದ್ದು. ಎರಡನೆಯದರ ಪ್ರಕಾರ ಅದೇ ಮಳಿಗೆಯಲ್ಲಿ ಈ ತಿಂಗಳು ಯಾರೋ ಒಬ್ಬರು ಎಂಟು ದಿನ, ಹಗಲು ರಾತ್ರಿ ಎನ್ನದೆ, ಅಕ್ರಮವಾಗಿ ವಾಸ ಮಾಡಿದ್ದಾರೆ. ಆದ್ದರಿಂದಲೂ ಹಂಚಿಕೆ ರದ್ದು. ಇಲ್ಲ ಎಂಬ ತಪ್ಪಿಗೆ ಒಮ್ಮೆ, ವಿಪರೀತ ಇದ್ದಾಳೆ ಎಂಬ ತಪ್ಪಿಗೆ ಇನ್ನೊಮ್ಮೆ ಹೊರಬೀಳುವ ಯೋಗ ಈ ಊರಿನಲ್ಲಿ ಬೇರೆ ಯಾರಿಗೆ ಬಂದೀತು? ಎರಡರ ಕೆಳಗೂ ತಮ್ಮದೇ ಸಹಿ ಇದೆ. ಕಚೇರಿಗೆ ನಾಲ್ಕು ಸಲ ಬಂದೆ, ತಾವು ಸಿಗಲಿಲ್ಲ. ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನನ್ನ ಕಸುಬು ರಫೂ. ತಮ್ಮ ದಾಖಲೆಯಲ್ಲಿ ‘ಇತರೆ’ ಎಂದಿರುವುದರಿಂದ ಸ್ವಲ್ಪ ವಿವರಿಸಬೇಕು. ಇಲಿ ಕಡಿದ ಶಾಲು, ಮೊಳೆಗೆ ಸಿಕ್ಕಿದ ಪ್ಯಾಂಟು, ಕಿಡಿ ಬಿದ್ದು ತೂತಾದ ಕೋಟು ನನ್ನ ಬಳಿ ಬರುತ್ತವೆ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ತೂತಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ಸೂಜಿಯಲ್ಲಿ ನೇಯ್ದು, ಅಲ್ಲೊಂದು ತೂತಿತ್ತು ಎನ್ನುವುದು ಬಟ್ಟೆಯ ಒಡೆಯನಿಗೇ ಮರೆತುಹೋಗುವಂತೆ ಮಾಡುತ್ತೇನೆ. ಕೆಲಸ ಚೆನ್ನಾಗಿ ಆಯಿತೆಂದರೆ ಅದು ಕಾಣಿಸಬಾರದು. ಮೂವತ್ತೊಂದು ವರ್ಷದಿಂದ ಹೀಗೆ ಕಾಣಿಸದ ಕೆಲಸ ಮಾಡುತ್ತ ಬಂದ ನನಗೆ, ಕೊನೆಗೆ ನಾನೇ ಕಾಣಿಸದೆ ಹೋಗುತ್ತೇನೆಂದು ಹೊಳೆದಿರಲಿಲ್ಲ.

ಈ ಕೆಲಸ ಕಲಿಸಿದವರು ನಮ್ಮ ಅತ್ತೆ. ಕಲಿಯುವಾಗ ನನ್ನ ಎರಡೂ ಭುಜಗಳ ಮೇಲೆ ಒಂದೊಂದು ದಾರದ ರೀಲು ನಿಲ್ಲಿಸುತ್ತಿದ್ದರು. “ಬೆರಳು ಮಾತ್ರ ಆಡ್ಲಿ. ಭುಜ ಅಲುಗಿದ್ರೆ ಎಳೆ ಬಿಗಿಯುತ್ತೆ, ಬಿಗಿದ ಎಳೆ ಬಿಸಿಲಲ್ಲಿ ಗೆರೆ ಥರ ಕಾಣುತ್ತೆ,” ಎನ್ನುವರು. ರೀಲು ಬಿದ್ದರೆ ಅಂದು ನೇಯ್ದದ್ದನ್ನೆಲ್ಲ ಬಿಚ್ಚಬೇಕು. ಎಷ್ಟೋ ಸಂಜೆ ಅಳುತ್ತ ಬಿಚ್ಚಿದ್ದೇನೆ. ಆರು ತಿಂಗಳಾದ ಮೇಲೆ ರೀಲು ಬೀಳುವುದು ನಿಂತಿತು, ಭುಜ ಕಲ್ಲಾಯಿತು, ಕೈ ಕೂತಿತು. ಈಗ ಮಳಿಗೆಯಲ್ಲಿ ಅದೇ ಎರಡು ರೀಲುಗಳನ್ನು ನನ್ನ ಸೊಸೆಯ ಭುಜದ ಮೇಲೆ ನಿಲ್ಲಿಸುತ್ತಿದ್ದೇನೆ. ಆಸ್ಪತ್ರೆಯ ಸ್ವಾಗತ ಮೇಜಿನ ಕೆಲಸ ಬಿಟ್ಟು ತಾನಾಗಿಯೇ ಬಂದು, “ಅತ್ತೆ, ನಂಗೂ ಹೇಳಿಕೊಡಿ. ನಿಮ್ಮ ಕಣ್ಣು ಇರೋವಾಗ್ಲೇ ಕಲೀಬೇಕು,” ಎಂದ ಹುಡುಗಿ. ಈ ಮಳಿಗೆ ಅವಳಿಗಾಗಿ ಉಳಿಯಬೇಕು. ನನ್ನ ತಕರಾರೆಲ್ಲ ಇಷ್ಟೇ, ಮಿಕ್ಕಿದ್ದು ಇದರ ಸುತ್ತಲಿನ ಗೋಳು.

ಹೋದ ವರ್ಷ ತಾವು ನಮ್ಮ ಮಾರುಕಟ್ಟೆಯನ್ನು ‘ಸ್ಮಾರ್ಟ್’ ಮಾಡಿದಿರಿ. ಪ್ರತಿ ಮಳಿಗೆಯ ಸೂರಿಗೆ ಬೋರಲು ಹಾಕಿದ ಬಟ್ಟಲಿನಂಥ ಒಂದು ಬಿಳಿ ಸೆನ್ಸರ್ ಬಂತು. ಒಳಗೆ ಯಾರಾದರೂ ಅಲುಗಿದರೆ ದೀಪ, ಗೋಡೆಯ ಫ್ಯಾನು ತಾವಾಗಿಯೇ ಹತ್ತುತ್ತವೆ. ನಾಲ್ಕು ನಿಮಿಷ ಯಾರೂ ಅಲುಗದಿದ್ದರೆ ಆರುತ್ತವೆ. ಯಾವ ಮಳಿಗೆಯಲ್ಲಿ ಎಷ್ಟು ಹೊತ್ತು ಜನ ಇದ್ದರು ಎಂಬ ಲೆಕ್ಕ ನೇರವಾಗಿ ತಮ್ಮ ಕಚೇರಿಯ ಪರದೆಗೆ ಹೋಗುತ್ತದೆ. ಇನ್ನು ಮನುಷ್ಯರ ಕೈ ಬೇಡವೆಂದು ಗೋಡೆಯ ಸ್ವಿಚ್ಚುಗಳನ್ನೆಲ್ಲ ಕಿತ್ತು ಸಿಮೆಂಟು ಬಳಿದಿರಿ. ಉದ್ಘಾಟನೆಯ ದಿನ ತಮ್ಮ ಭಾಷಣದಲ್ಲಿ, “ಇನ್ನು ಮುಂದೆ ಕಟ್ಟಡವೇ ನಿಮ್ಮನ್ನು ನೋಡಿಕೊಳ್ಳುತ್ತದೆ,” ಎಂದಿರಿ. ನಾವು ಚಪ್ಪಾಳೆ ಹೊಡೆದೆವು. ಸುಳ್ಳೇಕೆ, ನಾನೂ ಹೊಡೆದೆ.

ಒಂದೇ ವಾರದಲ್ಲಿ ನಮ್ಮವರು ಅದಕ್ಕೆ ‘ಅಳಿಯ’ ಎಂದು ಹೆಸರಿಟ್ಟರು. ಮೇಲೆ ಕೂತು ಎಲ್ಲ ನೋಡುತ್ತಾನೆ, ಒಂದು ಕಡ್ಡಿ ಎತ್ತಿಡುವುದಿಲ್ಲ, ತನ್ನ ಕಡೆ ಗಮನ ಕೊಡಲಿಲ್ಲವೆಂದರೆ ಮುನಿಸಿಕೊಂಡು ದೀಪ ಆರಿಸುತ್ತಾನೆ. ಅಳಿಯನನ್ನು ಪ್ರಸನ್ನಗೊಳಿಸುವುದೇ ಈಗ ನಮ್ಮ ಮೊದಲ ಕಸುಬು. ಎದುರು ಸಾಲಿನ ಗಡಿಯಾರ ರಿಪೇರಿಯವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ನಿಮಿಷಕ್ಕೊಮ್ಮೆ ತಲೆ ಕೊಡವುತ್ತಾರೆ. ಹೊಸ ಗಿರಾಕಿಗಳು ತಮ್ಮ ಗಡಿಯಾರ ಇನ್ನು ಸರಿಹೋಗುವುದಿಲ್ಲವೆಂದುಕೊಂಡು ಎದ್ದು ಹೋಗುತ್ತಾರೆ. ಕ್ಷೌರದವರ ಪುಣ್ಯವೇ ಪುಣ್ಯ. ಅವರ ಕೈಯೂ ನಿಲ್ಲುವುದಿಲ್ಲ, ಬಾಯಿಯೂ ನಿಲ್ಲುವುದಿಲ್ಲ. ಅವರಿಗೆ ತಾವು ‘ಅತ್ಯುತ್ತಮ ಬಳಕೆದಾರ’ ಎಂಬ ಪ್ರಮಾಣಪತ್ರ ಕೊಟ್ಟಿರಿ, ಬಹಳ ಸಂತೋಷ. ಆದರೆ ಎರಡನೇ ಸ್ಥಾನ ಯಾರಿಗೆ ಬಂತು ಗೊತ್ತೇ? ಒಂಬತ್ತನೇ ಮಳಿಗೆಗೆ. ಎರಡು ವರ್ಷದಿಂದ ಬೀಗ ಬಿದ್ದಿರುವ ಒಂಬತ್ತನೇ ಮಳಿಗೆಗೆ. ಅದರ ಒಡೆದ ಕಿಟಕಿಯಿಂದ ಬರುವ ಗಾಳಿಗೆ ಒಂದು ಹಳೆಯ ಕ್ಯಾಲೆಂಡರು ಪಟಪಟ ಬಡಿದುಕೊಳ್ಳುತ್ತಿರುತ್ತದೆ. ಆ ಕ್ಯಾಲೆಂಡರಿಗಿಂತ ನಾನು ಕಡಿಮೆ ಜೀವಂತ ಎಂದು ತಮ್ಮ ಪರದೆ ಹೇಳುತ್ತದೆ.

ನನ್ನ ಪಾಡು ಹೀಗಾಯಿತು. ಸೂಜಿ ಹಿಡಿದು ಉಸಿರು ಬಿಗಿಹಿಡಿದು ಕೂರುತ್ತೇನೆ. ಕಡುನೀಲಿ ಬಟ್ಟೆಯ ಮೇಲೆ ಕಡುನೀಲಿ ಎಳೆ. ನಾಲ್ಕು ನಿಮಿಷಕ್ಕೆ ಸರಿಯಾಗಿ ಕತ್ತಲೆ. ಕೈ ಎತ್ತಿ ಬೀಸಬೇಕು, ಆಗ ಬೆಳಕು. ಅಷ್ಟರಲ್ಲಿ ಯಾವ ಎಳೆಯ ಕೆಳಗೆ ಸೂಜಿ ಇತ್ತೆಂಬುದು ತಪ್ಪಿರುತ್ತದೆ. ಈ ಪತ್ರ ಬರೆಯುವಾಗಲೇ ಇಲ್ಲಿಯವರೆಗೆ ಐದು ಸಲ ದೀಪ ಆರಿದೆ. ಬರೆಯುವುದೂ ತಮ್ಮ ಲೆಕ್ಕದಲ್ಲಿ ಸೋಮಾರಿತನವೇ ಇರಬೇಕು.

ಮಾರುಕಟ್ಟೆಯ ಮೊಬೈಲ್ ಆ್ಯಪ್‌ನಲ್ಲಿ ನನ್ನ ಮಳಿಗೆಗೆ ‘ಖಾಲಿ’ ಎಂಬ ಕೆಂಪು ಚುಕ್ಕೆ ಬಂದಾಗ ತಮ್ಮ ಕಚೇರಿಗೆ ಓಡಿಬಂದೆ. ಗುಮಾಸ್ತರು ಪರದೆ ನೋಡಿ ಬಹಳ ಮರ್ಯಾದೆಯಿಂದಲೇ ಹೇಳಿದರು, “ಅಮ್ಮ, ನೀವು ಅಂಗಡೀಲಿ ಇರಲ್ಲ ಅಂತ ತೋರಿಸ್ತಿದೆ.”

“ದಿನಾ ಬೆಳಿಗ್ಗೆ ಒಂಬತ್ತರಿಂದ ಇರ್ತೀನಲ್ಲಪ್ಪ.”

“ಇಗೋ ನೋಡಿ, ಈಗ್ಲೂ ಇಲ್ಲ ಅಂತಿದೆ.”

“ಈಗ ನಿಮ್ಮ ಮುಂದೆ ನಿಂತಿದ್ದೀನಲ್ಲ.”

“ಅದೇ ನಾನೂ ಹೇಳ್ತಿರೋದು,” ಎಂದರು. “ಇಲ್ಲಿದ್ದೀರಿ, ಅದಕ್ಕೇ ಅಲ್ಲಿಲ್ಲ. ಸಿಸ್ಟಮ್ ಸರಿಯಾಗೇ ಇದೆ.”

ಮನೆಯಲ್ಲೇ ಈ ಕೆಲಸ ಮಾಡಬಾರದೇ ಎಂದೂ ಅವರು ಕೇಳಿದರು. ಒಂದೂವರೆ ಕೋಣೆಯ ಮನೆ ನಮ್ಮದು. ರಾತ್ರಿ ಪಾಳಿಯಲ್ಲಿ ವ್ಯಾನು ಓಡಿಸುವ ಮಗ ಹಗಲಿಡೀ ಅಲ್ಲಿ ಮಲಗಿರುತ್ತಾನೆ. ದೀಪ ಹಾಕುವಂತಿಲ್ಲ, ಗಿರಾಕಿಯನ್ನು ಒಳಗೆ ಕರೆಯುವಂತಿಲ್ಲ. ಇದನ್ನೆಲ್ಲ ಹೇಳಿದೆ. ಅವರು ‘ಇತರೆ’ ಎಂದು ಬರೆದುಕೊಂಡರು.

ಯಂತ್ರಗಳ ಮೇಲೆ ನನಗೆ ಹಗೆ ಎಂದು ತಾವು ತಿಳಿಯಬಾರದು. ದೂರದ ಗಿರಾಕಿಗಳು ಹರಿದ ಜಾಗದ ಫೋಟೋ ಮೊಬೈಲಿಗೆ ಕಳಿಸುತ್ತಾರೆ, ಆಗುತ್ತದೋ ಇಲ್ಲವೋ ಎಂದು ಕೂತಲ್ಲೇ ಹೇಳುತ್ತೇನೆ. ಸೊಸೆ ಕೊಡಿಸಿದ ಕೈಗಡಿಯಾರ ನನ್ನ ನಾಡಿ ಎಣಿಸುತ್ತದೆ. ಒಮ್ಮೆ ಅದು ಹೇಳಿದ್ದರಿಂದಲೇ ವೈದ್ಯರ ಹತ್ತಿರ ಹೋದೆ, ಹೋಗಿದ್ದು ಒಳ್ಳೆಯದಾಯಿತು. ಆದರೆ ಆ ಗಡಿಯಾರ ಕೂಡ ನಾನು ಸುಮ್ಮನೆ ಕೂತಾಗ ‘ಸ್ವಲ್ಪ ಎದ್ದು ಓಡಾಡಿ’ ಎಂದು ಕೇಳುತ್ತದೆಯೇ ಹೊರತು ‘ನೀವು ಇಲ್ಲ’ ಎನ್ನುವುದಿಲ್ಲ. ಅಷ್ಟು ಸೌಜನ್ಯ ಒಂದು ಗಡಿಯಾರಕ್ಕಿದೆ.

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಒಂದು ಭಾನುವಾರ ಮನೆಯಲ್ಲಿ ಸೊಸೆ ಕಿಟಕಿಯ ಪಕ್ಕ ಕೂತು ಅಭ್ಯಾಸ ಮಾಡುತ್ತಿದ್ದಳು. ಹೊರಗೆ ಬೇಕಾದಷ್ಟು ಬಿಸಿಲು. ಇದ್ದಕ್ಕಿದ್ದಂತೆ ಬಲಗೈ ಎತ್ತಿ ಗಾಳಿಯಲ್ಲಿ ಬೀಸಿದಳು. ಭುಜದ ಮೇಲಿನ ರೀಲು ಟಕ್ಕೆಂದು ಬಿದ್ದು ಮಂಚದ ಕೆಳಗೆ ಉರುಳಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬೀಸಿದಳು.

“ಯಾರಿಗೇ ಕೈ ಬೀಸ್ತಿದ್ದೀಯಾ?” ಎಂದೆ.

“ಬೀಸಿದ್ನಾ ಅತ್ತೆ? ಗೊತ್ತೇ ಆಗ್ಲಿಲ್ಲ,” ಎಂದು ತನ್ನ ಕೈಯನ್ನೇ ನೋಡಿಕೊಂಡಳು. ಆಮೇಲೆ ಮೆಲ್ಲಗೆ, “ನಂಗೆ ಈ ಕೆಲಸ ಹತ್ತಲ್ಲ ಅನ್ಸುತ್ತೆ,” ಎಂದಳು. ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ನಾಲ್ಕು ನಿಮಿಷಕ್ಕೊಂದರಂತೆ ಬಿಗಿದ ಎಳೆಗಳ ಗೆರೆ. ನನ್ನ ಕೈ ಮೊದಲೇ ಕೂತಿತ್ತು, ಆದ್ದರಿಂದ ಅಳಿಯನ ಕಾಟ ಹೇಗೋ ತಡೆದುಕೊಂಡೆ. ಅವಳ ಕೈ ಈಗಷ್ಟೇ ಕೂರಬೇಕು. ಅದು ಕೂರುವ ಮೊದಲೇ ತಮ್ಮ ಬಟ್ಟಲು ಅದಕ್ಕೆ ಬೀಸುವುದನ್ನು ಕಲಿಸಿಬಿಟ್ಟಿತು.

ಮರುದಿನ ಮಳಿಗೆಗೆ ಒಂದು ಬೂದುಬಣ್ಣದ ಕೋಟು ಬಂತು. ಯಾರದೆಂದು ಆಮೇಲೆ ಹೇಳುತ್ತೇನೆ. ಸೊಸೆಯನ್ನು ಕೂರಿಸಿ, ಭುಜದ ಮೇಲೆ ರೀಲು ನಿಲ್ಲಿಸಿ, “ಇದನ್ನ ನೀನೇ ಮಾಡು. ದೀಪದ ಚಿಂತೆ ನಂಗಿರ್ಲಿ,” ಎಂದೆ. ಅವಳ ಹಿಂದೆ ನಿಂತು ಕೈ ಬೀಸತೊಡಗಿದೆ. ಮೂರು ಗಂಟೆ ಬೀಸಿದೆ. ನನ್ನ ವಯಸ್ಸು ಐವತ್ತೆಂಟು, ಭಾರವನ್ನು ಹೇಳಲಾರೆ. ಪಕ್ಕದ ಬೀಗದ ಕೈ ಮಾಡುವವನು ಇಣುಕಿ ನೋಡಿ, “ಏನಕ್ಕಾ, ಸೊಳ್ಳೆ ಜಾಸ್ತಿನಾ?” ಎಂದ. ವಿಷಯ ಹೇಳಿದೆ. “ಅಷ್ಟಕ್ಕೆ ಯಾಕೆ ತೋಳು ಮುರ್ಕೋತೀರಿ? ಫ್ಯಾನಿನ ಮುಂದೆ ಒಂದು ಬಟ್ಟೆ ನೇತುಹಾಕಿ. ಅಳಿಯನಿಗೆ ಅಲುಗಾಡಿದ್ರೆ ಸಾಕು, ಮನುಷ್ಯರೇ ಆಗ್ಬೇಕಂತಿಲ್ಲ,” ಎಂದ.

ಸಂಜೆಯ ಹೊತ್ತಿಗೆ ಸೊಸೆ ಕೆಲಸ ಮುಗಿಸಿದಳು. ರೀಲು ಒಮ್ಮೆಯೂ ಬೀಳಲಿಲ್ಲ. ಬಿಸಿಲಿಗೆ ಹಿಡಿದು ನೋಡಿದೆ, ಗೆರೆ ಇರಲಿಲ್ಲ. ಅವಳ ಗಲ್ಲ ಹಿಡಿದು ಅತ್ತುಬಿಟ್ಟೆ. ಮಾರನೆಯ ದಿನ ಆ ಕೋಟನ್ನೇ ಹ್ಯಾಂಗರಿಗೆ ಹಾಕಿ ಫ್ಯಾನಿನ ಮುಂದೆ ನೇತುಹಾಕಿದೆವು. ಅದರ ತೋಳುಗಳು ಆಡುತ್ತಿದ್ದವು, ದೀಪ ಉರಿಯುತ್ತಿತ್ತು, ನಾವಿಬ್ಬರೂ ಅಲುಗದೆ ಕೂತು ಕೆಲಸ ಮಾಡಿದೆವು. ಬೀಗದವನು ಹೋಗುವಾಗ ಬರುವಾಗ ಕೋಟಿಗೆ ಕೈಮುಗಿದು, “ನಮಸ್ಕಾರ ಸಾಹೇಬ್ರೇ,” ಎನ್ನುತ್ತಿದ್ದ. ಕೋಟಿನವರು ಒಯ್ಯಲು ಬರುವುದು ತಡವಾಯಿತು. ಎಂಟು ದಿನ ಅದು ಅಲ್ಲೇ ಇತ್ತು.

ಇಲ್ಲಿ ನಮ್ಮದೊಂದು ತಪ್ಪಾಯಿತು, ಒಪ್ಪಿಕೊಳ್ಳುತ್ತೇನೆ. ಸಂಜೆ ಷಟರ್ ಎಳೆದು ಹೋಗುವಾಗ ಫ್ಯಾನು ಆರಿಸಬೇಕೆಂದು ನಮಗೆ ಹೊಳೆಯಲೇ ಇಲ್ಲ. ಆರಿಸೋಣವೆಂದರೆ ಸ್ವಿಚ್ಚೆಲ್ಲಿದೆ? ತಾವೇ ಹೇಳಿದಂತೆ ಕಟ್ಟಡ ನೋಡಿಕೊಳ್ಳುತ್ತದೆಂದು ನಂಬಿ ಹೋದೆವು. ಕಟ್ಟಡ ನೋಡಿಕೊಂಡಿತು. ಫ್ಯಾನು ತಿರುಗಿದ್ದರಿಂದ ಕೋಟು ಅಲುಗಿತು, ಕೋಟು ಅಲುಗಿದ್ದರಿಂದ ಒಳಗೆ ಜನ ಇದ್ದಾರೆಂದು ಅಳಿಯ ಫ್ಯಾನು ತಿರುಗಿಸಿದ. ಬೆಳಿಗ್ಗೆ ಷಟರ್ ಎತ್ತಿದಾಗ ದೀಪ ಉರಿಯುತ್ತಿದ್ದರೆ, ನಾವು ಬಂದದ್ದಕ್ಕೆ ಹತ್ತಿತೆಂದುಕೊಂಡೆವು. ಹೀಗೆ ಎಂಟು ದಿನ ಎಂಟು ರಾತ್ರಿ ಒಂದು ಕೋಟು ನನ್ನ ಮಳಿಗೆಯಲ್ಲಿ ಸಂಸಾರ ಹೂಡಿತು. ತಮ್ಮ ಎರಡನೇ ನೋಟಿಸಿನ ಅಕ್ರಮ ವಾಸಿ ಅದೇ.

ನಮ್ಮ ಕಸುಬಿನಲ್ಲಿ ಒಂದು ನೇಮವಿದೆ. ಬಟ್ಟೆ ಯಾರದು, ಎಲ್ಲಿ ಹರಿದಿತ್ತು ಎಂದು ಮೂರನೆಯವರಿಗೆ ಹೇಳಬಾರದು. ಮೂವತ್ತೊಂದು ವರ್ಷ ಪಾಲಿಸಿದ್ದೇನೆ. ಇಂದು ಅದರಲ್ಲಿ ಅರ್ಧ ಮುರಿಯುತ್ತೇನೆ, ಅತ್ತೆ ಕ್ಷಮಿಸಲಿ. ಆ ಕೋಟು ತಮ್ಮದು. ತಮ್ಮ ಕಚೇರಿಯ ಜವಾನರು ಚೀಲದೊಳಗೆ ಮುಚ್ಚಿ ತಂದು, “ಸಾಹೇಬ್ರದು, ಯಾರಿಗೂ ಹೇಳ್ಬೇಡಿ,” ಎಂದಿದ್ದರು. ತಾವು ತರಬೇತಿಗೆ ಹೋಗಿದ್ದರಿಂದ ಒಯ್ಯುವುದು ತಡವಾಯಿತು. ಅಂದರೆ, ಎಂಟು ದಿನ ನನ್ನ ಮಳಿಗೆಯಲ್ಲಿ ಹಗಲಿರುಳು ವಾಸವಾಗಿದ್ದವರು ತಾವೇ, ಕನಿಷ್ಠಪಕ್ಷ ಸೊಂಟದಿಂದ ಮೇಲೆ. ಅಕ್ರಮ ವಾಸಿಯ ಮೇಲೆ ಕಠಿಣ ಕ್ರಮ ಕೈಗೊಳ್ಳುವುದಾಗಿ ಬರೆದಿದ್ದೀರಿ. ಅವಶ್ಯವಾಗಿ ಕೈಗೊಳ್ಳಿ, ಸಾಕ್ಷಿ ಹೇಳಲು ಬೀಗದವನೂ ನಾನೂ ಬರುತ್ತೇವೆ.

ಮೊನ್ನೆ ಅದೇ ಕೋಟು ತೊಟ್ಟು ತಾವು ‘ಸ್ಮಾರ್ಟ್ ಮಾರುಕಟ್ಟೆ’ಯ ಪ್ರಶಸ್ತಿ ಸ್ವೀಕರಿಸಿದ ಚಿತ್ರ ಪತ್ರಿಕೆಯಲ್ಲಿ ಬಂತು. ನಾನೂ ಸೊಸೆಯೂ ಭೂತಗನ್ನಡಿ ಹಿಡಿದು ರಫೂ ಹುಡುಕಿದೆವು. ಮಾಡಿದವಳಿಗೇ ಸಿಗಲಿಲ್ಲ. ಎಷ್ಟೋ ವಾರಗಳ ಮೇಲೆ ಅವಳು ನಕ್ಕಳು.

ಈಗ ನನ್ನ ಬೇಡಿಕೆ. ಎರಡೂ ನೋಟಿಸು ಹಿಂತೆಗೆದುಕೊಳ್ಳಿ, ನನ್ನ ಮಳಿಗೆಯ ಗೋಡೆಯಲ್ಲಿ ಒಂದು ಸ್ವಿಚ್ಚು ವಾಪಸು ಕೊಡಿ. ಹಾಕುವುದು, ಆರಿಸುವುದು ನಮಗೆ ಬರುತ್ತದೆ. ಸಿಸ್ಟಮ್ ಸರಿಯಾಗೇ ಇದೆ ಎನ್ನುವುದಾದರೆ ಒಂದು ಕೆಲಸ ಮಾಡಿ. ಆ ಕೋಟನ್ನು ಬಿಸಿಲಿಗೆ ಹಿಡಿದು ಹರಿದ ಜಾಗ ಹುಡುಕಿ. ಎಲ್ಲಿತ್ತೆಂದು ನಾನು ಹೇಳುವುದಿಲ್ಲ, ನೇಮದ ಉಳಿದ ಅರ್ಧ ಅದು. ಕಣ್ಣಿಗೆ ಕಾಣದಿದ್ದರೆ ಬೆರಳಾಡಿಸಿ ನೋಡಿ. ಸಿಕ್ಕಿದರೆ, ಅದನ್ನು ರಫೂ ಮಾಡಿದ ದಿನ ಹದಿನಾಲ್ಕನೇ ಮಳಿಗೆಯಲ್ಲಿ ಯಾರೂ ಇರಲಿಲ್ಲವೆಂದು ನಾನೇ ಬರೆದುಕೊಟ್ಟು ಖಾಲಿ ಮಾಡುತ್ತೇನೆ. ಸಿಗದಿದ್ದರೆ, ಅಲ್ಲೊಬ್ಬಳು ಭುಜ ಅಲುಗಿಸದೆ ಮೂರು ಗಂಟೆ ಕೂತಿದ್ದಳೆಂದು ತಾವು ಬರೆದುಕೊಡಿ.

ಇಂತಿ,
ತಮ್ಮ ಪರದೆಯ ಮೇಲೆ ಇಲ್ಲದ, ತಮ್ಮ ಕೋಟಿನ ಮೇಲೆ ಕಾಣದ,
ಹದಿನಾಲ್ಕನೇ ಮಳಿಗೆಯ ರಫೂ ಕೆಲಸದ ಅತ್ತೆ ಮತ್ತು ಸೊಸೆ