ಡ್ಯಾಶ್‌ಬೋರ್ಡಿನ ಮೇಲೆ ಒಂಬತ್ತು ಗೆರೆ

ಬುಧವಾರ, ಬೆಳಿಗ್ಗೆ
ಶೆಡ್ಡಿನಿಂದ

ಇವರಿಗೆ ನಮಸ್ಕಾರ.

ಮೊದಲು ‘ಶ್ರೀಯುತರೇ’ ಎಂದು ಬರೆದು ಹೊಡೆದುಹಾಕಿದೆ. ಹದಿನಾಲ್ಕು ವರ್ಷ ‘ರೀ’ ಎಂದು ಕೂಗಿದ ಬಾಯಿಗೆ ಅದು ಒಗ್ಗಲಿಲ್ಲ. ಲಾಯರು ಬರೆದ ಬೇರ್ಪಡೆ ಪತ್ರದ ಪ್ರಕಾರ ಗ್ಯಾರೇಜಿನ ಶೆಡ್ಡು ನನಗೆ, ನಾವಿಬ್ಬರೂ ಸೇರಿ ಕಟ್ಟಿದ ಕೆಂಪು ಕಾರು ನಿಮಗೆ. ಕಾರನ್ನು ವೆಲ್ಡಿಂಗ್ ತಾತನ ಕೈಲಿ ಕಳಿಸುತ್ತಿದ್ದೇನೆ. ಅವರಿಗೆ ಒಂದು ಲೋಟ ಟೀ ಕೊಡಿ, ಹರಟೆಗೆ ಕೂರಿಸಿಕೊಳ್ಳಬೇಡಿ. ಇಲ್ಲಿ ಎರಡು ಸೈಲೆನ್ಸರ್ ಅವರಿಗಾಗಿ ಕಾಯುತ್ತಿವೆ.

ಭಾನುವಾರದ ಬೆಟ್ಟದ ರೇಸಿಗೆ ಇಂಜಿನ್ ಹೇಗಿರಬೇಕು ಎಂದು ಚೀಟಿ ಕಳಿಸಿದ್ದಿರಿ. ಒಂದೇ ಸಾಲು: ಇನ್ನೂರು ಹಾರ್ಸ್‌ಪವರ್, ಅದಕ್ಕಿಂತ ಒಂದೂ ಕಮ್ಮಿ ಬೇಡ. ನಾನು ಹಾಗೆ ಮಾಡಿಲ್ಲ. ಇದು ಈಗ ಕೊಡುವುದು ನೂರ ಅರವತ್ತೆರಡು. ಪತ್ರ ಮುದುರಿ ಎಸೆಯಬೇಡಿ, ಪೂರ್ತಿ ಓದಿ. ನೀವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಇಂಜಿನ್ನಿನ ಉಸಿರಾಟ ನಡೆಸುವುದೇ ಕ್ಯಾಮ್‌ಶಾಫ್ಟ್; ನೀವು ಹಾಕಿದ್ದ ಅದನ್ನು ತೆಗೆದು, ಬೆಂಚಿನ ಕೆಳಗೆ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳೆಯದನ್ನು ಹಾಕಿದೆ. ನಿಮ್ಮದರಲ್ಲಿ ಇನ್ನೂರರ ಹತ್ತಿರ ಬರುತ್ತಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಇಂಜಿನ್ ನಿಮಿಷಕ್ಕೆ ಏಳು ಸಾವಿರ ಸುತ್ತು ದಾಟಿದ ಮೇಲೆ ಬರುತ್ತಿತ್ತು. ಐದು ಸಾವಿರದ ಕೆಳಗೆ ನಿದ್ದೆಗಣ್ಣು. ಅದನ್ನು ಎಚ್ಚರವಾಗಿ ಇಟ್ಟುಕೊಳ್ಳಲು ತಿರುವು ತಿರುವಿಗೂ ಗೇರ್ ಇಳಿಸಬೇಕು, ಮತ್ತೆ ಏರಿಸಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಆ ಕತೆ. ಈಗ ಎರಡೂವರೆ ಸಾವಿರದಿಂದಲೇ ಟಾರ್ಕ್ ಇದೆ. ಮೂರನೇ ಗೇರಿನಲ್ಲಿ ತಿರುವಿನೊಳಗೆ ಹೋಗಿ, ಮೂರನೇ ಗೇರಿನಲ್ಲೇ ಹೊರಗೆ ಬರಬಹುದು. ನಿಮಗೆ ಇದನ್ನು ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಗಿರಾಕಿಗಳಿಗೆ ನೀವೇ ಹೇಳುತ್ತಿದ್ದಿರಿ, ಕೊನೆಗೆ ಎಷ್ಟು ಜೋರಾಗಿ ಓಡತ್ತೆ ಅನ್ನೋದು ಹಾರ್ಸ್‌ಪವರ್ರು, ಭಾರ ಹೊತ್ತು ಎಷ್ಟು ಗಟ್ಟಿಯಾಗಿ ಎಳೆಯತ್ತೆ ಅನ್ನೋದು ಟಾರ್ಕು ಅಂತ. ಹೇಳಿ ಮುಗಿಸಿ, ಗೋಡೆಯ ಮೇಲೆ ಅಂಟಿಸಿದ ಹಾರ್ಸ್‌ಪವರ್ ಪ್ರಿಂಟುಗಳನ್ನೇ ತೋರಿಸುತ್ತಿದ್ದಿರಿ.

ಗೋಡೆಯ ಮಾತು ಬಂತಲ್ಲ, ಅದನ್ನೂ ಹೇಳಿ ಮುಗಿಸುತ್ತೇನೆ. ಬೇಕರಿಯವರ ಕಾರನ್ನು ಶಕ್ತಿ ಅಳೆಯುವ ಡೈನೊ ಯಂತ್ರದ ರೋಲರಿನ ಮೇಲೆ ಕಟ್ಟಿ ಓಡಿಸಿದ ದಿನ ನೂರ ತೊಂಬತ್ತಾರು ಬಂದಿತ್ತು. ನೀವು ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯ ಮೇಲೆ ಐಸ್ ಚೀಲ ಇಟ್ಟಿರಿ. ಶೆಡ್ಡಿನ ಸೆಕೆ ಇದ್ದದ್ದಕ್ಕಿಂತ ಹತ್ತು ಡಿಗ್ರಿ ಹೆಚ್ಚು ಎಂದು ಯಂತ್ರಕ್ಕೆ ಸುಳ್ಳು ಲೆಕ್ಕ ತುಂಬಿದಿರಿ. ಸೆಕೆ ಜಾಸ್ತಿ ಎಂದರೆ ಅದು ಅಯ್ಯೋ ಪಾಪ ಎಂದು ಮೂರು ನಾಲ್ಕು ಸೇರಿಸಿಕೊಡುತ್ತದೆ. ಇನ್ನೂರು ಬಂತು, ಗೋಡೆಗೆ ಏರಿತು. ನಾನು ಆರು ಜನ ಗಿರಾಕಿಗಳ ಎದುರಿಗೆ ಅದನ್ನು ಕಿತ್ತು ಹರಿದೆ. ನೀವು ಕೈ ಒರೆಸಿಕೊಂಡು, ಆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬೆಂಚಿನ ಮೇಲಿಟ್ಟು ಹೊರಟಿರಿ. ಊಟದ ಹೊತ್ತಿಗೆ ಬರುತ್ತೀರಿ ಅಂದುಕೊಂಡಿದ್ದೆ. ಎಂಟು ತಿಂಗಳಾಯಿತು. ಸುಳ್ಳು ಹೇಳಿದ್ದು ನೀವೇ, ಈಗಲೂ ಅದನ್ನೇ ಅನ್ನುತ್ತೇನೆ. ಆದರೆ ಷಟರ್ ಎಳೆದ ಮೇಲೆ ಇಬ್ಬರೇ ಆಡಬಹುದಾಗಿದ್ದ ಮಾತನ್ನು ಸಂತೆ ಮಾಡಿದವಳು ನಾನು. ಅದಕ್ಕೆ ನನಗೆ ನಾಚಿಕೆಯಿದೆ.

ಇನ್ನು ಬೆಟ್ಟದ ವಿಷಯ. ಹೋದ ವಾರ ನಿಮ್ಮ ಕ್ಯಾಮ್ ಇದ್ದಾಗ ಒಮ್ಮೆ, ಸೋಮವಾರ ಹಳೆಯದನ್ನು ಹಾಕಿದ ಮೇಲೆ ಒಮ್ಮೆ, ತಾತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತಿದೆ. ನಾನು ಕ್ಲಚ್ ತುಳಿದಾಗಲೆಲ್ಲ ಡ್ಯಾಶ್‌ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಲು ಹೇಳಿದ್ದೆ. ಮೊದಲ ಸಲ ಮೂವತ್ತೊಂದು ಗೆರೆ. ಎರಡನೇ ಸಲ ಒಂಬತ್ತು. ಇದೇನಮ್ಮ, ನನ್ ಕೈಗೆ ಕೆಲಸಾನೇ ಇಲ್ವಲ್ಲ ಅಂತ ತಾತ ನಕ್ಕರು. ಆ ಒಂಬತ್ತನ್ನು ಒರೆಸಿಲ್ಲ, ನೋಡಿ. ಗಡಿಯಾರ ನೋಡಿದರೆ ಎರಡನೇ ಸಲ ಎರಡು ಸೆಕೆಂಡ್ ಹೆಚ್ಚೇ ಹಿಡಿಯಿತು. ಅದನ್ನು ಮುಚ್ಚಿಡುವುದಿಲ್ಲ. ಕಾಲು ನೆಟ್ಟಗಿರುವವರಿಗೆ ನಿಮ್ಮ ಕ್ಯಾಮೇ ವಾಸಿ.

ಮತ್ತೆ ಯಾಕೆ ಬದಲಿಸಿದೆ ಅನ್ನುತ್ತೀರಿ. ಬೇರಿಂಗ್ ಹಳೆಯದಾಗಿದೆ, ತಡೆಯುವುದಿಲ್ಲ ಎಂದು ಬರೆಯೋಣ ಅಂದುಕೊಂಡಿದ್ದೆ. ಬೇರಿಂಗ್ ಕಲ್ಲಿನ ಹಾಗಿದೆ. ತಡೆಯದಿರುವುದು ಕ್ಲಚ್ ತುಳಿಯುವ ನಿಮ್ಮ ಎಡ ಮೊಣಕಾಲು. ಸಹಿ ಹಾಕಲು ಹೋದ ದಿನ ಲಾಯರ ಆಫೀಸಿನ ಮೆಟ್ಟಿಲಲ್ಲಿ ನಿಮ್ಮ ಹಿಂದೆಯೇ ಇದ್ದೆ. ಮೆಟ್ಟಿಲು ಮೆಟ್ಟಿಲಿಗೂ ಎರಡೂ ಕಾಲು ಊರಿ, ಕಂಬಿ ಹಿಡಿದು ಹತ್ತಿದಿರಿ. ಏನಾಯ್ತು ಎಂದು ಕೇಳಿದ್ದಕ್ಕೆ ಹೊಸ ಶೂ ಕಚ್ಚುತ್ತಿದೆ ಎಂದಿರಿ. ಆ ಶೂ ನಾನೇ ಕೊಡಿಸಿದ್ದು, ಆರು ವರ್ಷ ಹಳೆಯದು. ಅವತ್ತೇ ನನಗೆ ಹೋದ ವರ್ಷದ ರೇಸ್ ಅರ್ಥವಾಯಿತು. ಏಳನೇ ತಿರುವಿನಲ್ಲಿ ಗೇರ್ ಬೀಳದೆ ಕಾರು ಹಿಂದಕ್ಕೆ ಜಾರಿ ತಡೆಗೋಡೆಗೆ ಬಡಿದಾಗ ಗೇರ್‌ಬಾಕ್ಸ್ ಕೈಕೊಟ್ಟಿತು ಎಂದು ಎಲ್ಲರಿಗೂ ಹೇಳಿದಿರಿ. ಆಮೇಲೆ ಆ ಗೇರ್‌ಬಾಕ್ಸ್ ಬಿಚ್ಚಿದವಳು ನಾನು. ಅದಕ್ಕೇನೂ ಆಗಿರಲಿಲ್ಲ. ಪಾಪದ ಗೇರ್‌ಬಾಕ್ಸ್, ಬಾಯಿಲ್ಲದ್ದು, ನಿಮ್ಮ ತಪ್ಪನ್ನು ಹೊತ್ತುಕೊಂಡಿತು.

ಆ ಕಾಲು ಮೂವತ್ತೊಂದು ಸಲ ತುಳಿಯಲಾರದು. ಒಂಬತ್ತು ಸಲ ತುಳಿದೀತು. ರೇಸಿಗೆ ಹೋಗಬೇಡಿ ಎಂದರೆ ಕೇಳುವ ಜೀವ ನಿಮ್ಮದಲ್ಲ. ಹಾಗೆ ಹೇಳುವ ಹಕ್ಕು ನನಗೂ ಈಗಿಲ್ಲ. ಏಳನೇ ತಿರುವಿನ ಆಚೆಯ ಕಮರಿ ಎಷ್ಟು ಆಳ ಎಂದು ಇಬ್ಬರಿಗೂ ಗೊತ್ತು. ಆ ಬಿರುಕು ಬಿಟ್ಟ ತಡೆಗೋಡೆ ಇನ್ನೊಂದು ಏಟು ತಡೆಯುವುದಿಲ್ಲ. ನನಗೆ ಭಯವಾಗುತ್ತದೆ. ಇಷ್ಟೇ ವಿಷಯ.

ಒಂದು ಕೇಳಿಕೆ. ನಿಮ್ಮ ಹೊಸ ಗ್ಯಾರೇಜಿನವರು ನಾಳೆಯೇ ಬಾನೆಟ್ ಎತ್ತಿ ಕ್ಯಾಮ್ ಬದಲಿಸಲು ನಿಂತಾರು. ಅದಕ್ಕೂ ಮೊದಲು ಒಂದು ಬಾರಿ, ಒಂದೇ ಬಾರಿ, ಇದರಲ್ಲಿ ಬೆಟ್ಟ ಹತ್ತಿ ನೋಡಿ. ಇಳಿದ ಮೇಲೆ ಮೊಣಕಾಲನ್ನೇ ಕೇಳಿ, ನನ್ನನ್ನು ಕೇಳಬೇಡಿ. ಆಮೇಲೆ ಏನು ಬೇಕಾದರೂ ಹಾಕಿಸಿಕೊಳ್ಳಿ. ನಿಮ್ಮ ಕ್ಯಾಮ್ ಡಿಕ್ಕಿಯಲ್ಲಿದೆ, ಒರೆಸಿ ಎಣ್ಣೆ ಹಚ್ಚಿ ಇಟ್ಟಿದ್ದೇನೆ.

ಇಂತಿ,
ಬೇರ್ಪಡೆ ಪತ್ರದ ಪ್ರಕಾರ ಏನೂ ಅಲ್ಲದ,
ಶೆಡ್ಡಿನವಳು

ಮರೆತಿದ್ದೆ: ಸ್ಟೇರಿಂಗ್ ಪಕ್ಕದ ಪೆಟ್ಟಿಗೆಯಲ್ಲಿ ಎರಡು ಪ್ರಿಂಟುಗಳಿವೆ. ನೂರ ಅರವತ್ತೆರಡರದ್ದು ನಿಮಗೆ. ಇನ್ನೊಂದು ರೇಸಿನ ದಿನ ನಿಮ್ಮ ಗೆಳೆಯರು ಎಷ್ಟಪ್ಪಾ ಬಂತು ಅಂತ ಕೇಳಿದರೆ ತೋರಿಸಲು. ನಿಮ್ಮ ಕ್ಯಾಮ್ ಬಿಚ್ಚುವ ಮುಂಚೆ ಅಳೆದಾಗ ನೂರ ತೊಂಬತ್ತೈದು ಬಂತು. ಐಸ್ ಚೀಲ ಇಟ್ಟೆ. ಸೆಕೆ ಹತ್ತು ಡಿಗ್ರಿ ಹೆಚ್ಚು ಮಾಡಿದೆ. ಸರಿಯಾಗಿ ಇನ್ನೂರು ಬಂತು. ಗೋಡೆಯ ಮೇಲೆ ಅವತ್ತು ಹರಿದ ಜಾಗ ಹಾಗೇ ಖಾಲಿ ಇದೆ. ಭಾನುವಾರ ಬೆಟ್ಟ ಹತ್ತಿ ಇಳಿದ ಮೇಲೆ ಬಂದು ನೀವೇ ಅಂಟಿಸಿ. ನಾನು ಹರಿಯುವುದಿಲ್ಲ.