ರಸ್ತೆಯ ಮೇಲಿನ ಬಿಳಿ ಗುರುತು

ಕಾಪೆಲ್, ಡಲ್ಲಾಸ್
೧೯ ಮಾರ್ಚ್ ೨೦೨೩

ಪ್ರೀತಿಯ ಅತ್ತೆಯವರಿಗೆ ಕುಮುದಾಳ ನಮಸ್ಕಾರಗಳು.

ನೀವು ಫೋನ್ ಮುಟ್ಟುವುದನ್ನೇ ಬಿಟ್ಟಿದ್ದೀರೆಂದು ನಿಮ್ಮ ಮಗಳು ನೀಲಾಂಬಿಕಾ ಹೇಳಿದಳು. ಶುಕ್ರವಾರ ಹೂಸ್ಟನ್ನಿನ ಅವಳ ಮನೆಯಿಂದಲೇ ಧಾರವಾಡಕ್ಕೆ ಹೊರಟಿದ್ದೀರಂತೆ, ಮಗನ ಮುಖವನ್ನೂ ನೋಡದೆ. ಅದಕ್ಕೇ ಈ ಕಾಗದ.

ನೀವು ನಮ್ಮಲ್ಲಿದ್ದ ಆ ಶನಿವಾರವನ್ನು ಮರೆಯಲಾಗುತ್ತಿಲ್ಲ. ಊರಿನಿಂದ ಯಾರ ಅಪ್ಪ ಅಮ್ಮ ಬಂದರೂ ಡಲ್ಲಾಸಿನ ನಾವೆಲ್ಲ ಮಾಡುವುದು ಇಷ್ಟೇ. ಅಧ್ಯಕ್ಷ ಕೆನಡಿಗೆ ಗುಂಡು ತಗುಲಿದ ಕಡೆ ರಸ್ತೆಯಲ್ಲಿ ಬಳಿದಿರುವ ಬಿಳಿ ಗುರುತಿನ ಮೇಲೆ ಅವರನ್ನು ನಿಲ್ಲಿಸಿ, ಕಾರು ಬರುವ ಮುಂಚೆ ಫೋಟೊ ತೆಗೆದು, ಕನ್ನಡದವರ ಗ್ರೂಪಿಗೆ ಹಾಕುವುದು. ಅವತ್ತು ನಮಗಿಂತ ಮುಂದಿದ್ದ ದಡಿಯನೊಬ್ಬ ಅದರ ಮೇಲೆ ತಲೆ ಹಿಡಿದುಕೊಂಡು ಬಿದ್ದಂತೆ ನಟಿಸಿದ. ಅವನ ಹೆಂಡತಿ ಬೆರಳನ್ನೇ ಪಿಸ್ತೂಲು ಮಾಡಿ ಗುರಿಯಿಟ್ಟಳು. ಮಕ್ಕಳು ಐಸ್‌ಕ್ರೀಮ್ ಚೀಪುತ್ತ ನಕ್ಕವು. ಥೂ. ದೊಡ್ಡ ಮನುಷ್ಯನನ್ನು ನೆನೆಯುವ ರೀತಿಯೇ ಅದು?

ನಿಮ್ಮ ಸರದಿ ಬಂದಾಗ ನೀವು ಅಂಚಿನಲ್ಲೇ ಚಪ್ಪಲಿ ಬಿಟ್ಟಿರಿ. ನಿಮ್ಮ ಮಗ ಬಸವರಾಜ್ ಅವಸರ ಮಾಡಿದರು.

"ಮನಷ್ಯಾ ಸತ್ತ ಜಾಗಾ ಐತಿ. ಚಪ್ಪಲಿ ಹಾಕ್ಕೊಂಡು ಹೆಂಗ ನಿಂದರಲೋ?" ಎಂದಿರಿ.

ಆಮೇಲೆ ನಮ್ಮ ಹಿತ್ತಲಿನಿಂದ ತಂದಿದ್ದ ಗುಲಾಬಿಯನ್ನು ಅಲ್ಲಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಿರಿ. ನೀವು ಮೂರನೇ ಇಯತ್ತೆಯಲ್ಲಿದ್ದಾಗ ಆತ ಸತ್ತ ಸುದ್ದಿ ಕೇಳಿ ನಿಮ್ಮ ಅಪ್ಪ ಊಟ ಬಿಟ್ಟಿದ್ದರೆಂದು, ಶಾಲೆಯಲ್ಲಿ ಅಮೆರಿಕದಿಂದ ಬಂದ ಪುಡಿಯ ಹಾಲು ಕುಡಿದಿದ್ದ ನಿಮಗೂ ಅಳು ಬಂದಿತ್ತೆಂದು ಹೋಗುವಾಗಲೇ ಕಾರಿನಲ್ಲಿ ಹೇಳಿದ್ದಿರಿ. ನಾವು ಹೂಂ ಎಂದೆವು, ಅಷ್ಟೇ.

ಸಂಜೆಯ ಹೊತ್ತಿಗೆ 'ನಡುರಸ್ತೆಯಲ್ಲಿ ಅಜ್ಜಿಯ ಪೂಜೆ' ಎಂಬ ವಿಡಿಯೊ ಇನ್ನೂರು ಮನೆ ಸುತ್ತಿತ್ತು. ಆಸ್ಟಿನ್ನಿನವರೂ ನಗುವ ಮುಖಗಳನ್ನು ಕಳಿಸಿದರು. ನೀವು ಅದನ್ನು ಎರಡು ಸಲ ನೋಡಿದಿರಿ, ಮಗನನ್ನು ಒಮ್ಮೆ ನೋಡಿದಿರಿ, ಬಟ್ಟೆ ಜೋಡಿಸಿಕೊಂಡಿರಿ. ವಿಡಿಯೊ ತೆಗೆದದ್ದು ತಾವೇ ಎಂದು ಅವರು ಒಪ್ಪಲಿಲ್ಲ, ಅಲ್ಲ ಎನ್ನಲೂ ಇಲ್ಲ.

ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ. ಗುರುವಾರ ಹೂಸ್ಟನ್ನಿಗೆ ಬರುತ್ತೇವೆ, ದಯವಿಟ್ಟು ಬಾಗಿಲು ತೆಗೆಯಿರಿ.

ನಿಮ್ಮ ಸೊಸೆ,
ಕುಮುದಾ

ತಾ.ಕ.: 'ಅವರ ಪರವಾಗಿ' ಎಂದು ಬರೆದದ್ದನ್ನು ಮತ್ತೆ ಓದಿದೆ, ನನ್ನ ಮೇಲೇ ಹೇಸಿಗೆಯಾಯಿತು. ಆ ವಿಡಿಯೊ ತೆಗೆದವಳು ನಾನು. ಹೆಸರಿಟ್ಟವಳೂ ನಾನೇ. ಬಗ್ಗಿ ಹೂವಿಡುತ್ತಿದ್ದ ನಿಮಗೆ ನಾನು ಕಾಣಲಿಲ್ಲ. ಅವರ ಫೋನಿನಲ್ಲೇ ತೆಗೆದು ಗ್ರೂಪಿಗೆ ಕಳಿಸಿದ್ದೆ, ಅದಕ್ಕೇ ನೀವು ಮಗನೇ ಎಂದುಕೊಂಡಿರಿ. ಅವರು ನನ್ನನ್ನು ಬಿಟ್ಟುಕೊಡಲಿಲ್ಲ. ನಾನು ಸುಮ್ಮನಿದ್ದುಬಿಟ್ಟೆ. ಗುರುವಾರ ಬಾಗಿಲಿಗೆ ಅವರೊಬ್ಬರೇ ಬರುತ್ತಾರೆ. ನಾನು ಕಾರಿನಲ್ಲೇ ಕೂತಿರುತ್ತೇನೆ, ನೀವು ಕರೆದರೆ ಬರುತ್ತೇನೆ.